ಸ್ಟೆಲ್ಲಾ ಆಂಟಿಯ ಸೈಡರ್ ಭರಣಿ

ಸ್ಟೆಲ್ಲಾ ಆಂಟಿ, ಆ ಕ್ರಿಸ್‌ಮಸ್‌ಗೆ ನಿಮ್ಮ ಭರಣಿಯಲ್ಲಿದ್ದದ್ದು ನೀವು ಹಾಕಿದ ಸೇಬಿನ ಸೈಡರ್ ಅಲ್ಲ. ನಿಮ್ಮದನ್ನು ನಾನು ಹಾಳುಮಾಡಿ ಬಚ್ಚಲಿಗೆ ಚೆಲ್ಲಿದೆ. ಅದರ ಜಾಗಕ್ಕೆ ನಮ್ಮ ಫ್ಯಾಕ್ಟರಿಯ ಬಾಟಲಿಗಳನ್ನು ಬಗ್ಗಿಸಿದೆ. ಆವತ್ತೇ ಹೇಳಬೇಕಿತ್ತು — ಹೇಳಲಿಲ್ಲ.

ಕಾಕ್ಸ್‌ಟೌನಿನ ನಿಮ್ಮ ಮನೆಯ ಮಹಡಿಯಲ್ಲಿ ಆಗ ನಾನು ಬಾಡಿಗೆಗಿದ್ದೆ. ಮಗಳ ಬಾಣಂತನಕ್ಕೆ ಚೆನ್ನೈಗೆ ಹೊರಟ ನೀವು ಬೀಗದ ಕೈ ಕೊಟ್ಟು, "ನೀನೂ ಸೈಡರ್ ಫ್ಯಾಕ್ಟರಿಯವ್ನೇ ಅಲ್ವಾ, ಭರಣಿ ಮೇಲೆ ಒಂದ್ ಕಣ್ಣಿಟ್ಟಿರು ಮಗಾ. ಏನೂ ಮಾಡಕ್ ಹೋಗ್ಬೇಡ, ಅದ್ರ ಪಾಡಿಗ್ ಬಿಟ್ಬಿಡು" ಅಂದಿರಿ.

ಬಿಟ್ಟುಬಿಡುವುದೊಂದೇ ನನಗೆ ಬರದ ಕೆಲಸ. ಕೆ.ಆರ್. ಪುರದಾಚೆಯ ನಮ್ಮ ಫ್ಯಾಕ್ಟರಿಯಲ್ಲಿ ನಾವು ಸೇಬಿನ ಮುಖವನ್ನೇ ನೋಡುತ್ತಿರಲಿಲ್ಲ. ಡ್ರಮ್ಮಿನಲ್ಲಿ ಬಂದ ಗಟ್ಟಿ ರಸಕ್ಕೆ ನೀರು, ಸಕ್ಕರೆ ಬೆರೆಸಿ, ಬೇಗಬೇಗ ಹುದುಗೆಬ್ಬಿಸಿ, ಸೋಸಿ, ಗ್ಯಾಸ್ ತುಂಬುವುದು. ಎಲ್ಲ ಬಾಟಲಿಗೂ ಒಂದೇ ರುಚಿ. ಒಂಚೂರು ಮಸುಕಾದರೂ ಅದು ಹೊರಗೆ. ನಿಮ್ಮದೋ — ಶಿವಾಜಿನಗರದ ಮಾರ್ಕೆಟ್ಟಿನ ಸೇಬನ್ನು ಸಿಪ್ಪೆಸಮೇತ ಜಜ್ಜಿ ಹಿಂಡಿದ ರಸ, ಅದಕ್ಕೆ ಮೊಸರಿಗೆ ಹೆಪ್ಪು ಹಾಕಿದಂತೆ ಹಿಂದಿನ ವರ್ಷದ ಭರಣಿಯ ಗಸಿ. ಆ ಗಸಿ ನಿಮ್ಮ ಅತ್ತೆಯ ಕಾಲದಿಂದ ಕಡಿಯದೆ ಬಂದದ್ದೆಂದು ನೀವೇ ಹೇಳಿದ್ದಿರಿ.

ಮುಚ್ಚಳ ತೆಗೆದೆ. ಕದಡಿತ್ತು, ಮೇಲೆಲ್ಲ ನೊರೆ. ಗಲೀಜು ಅನ್ನಿಸಿತು — ಓದಿಕೊಂಡವನೆಂಬ ಕೊಬ್ಬು, ಬೇರೇನಲ್ಲ. ಕೆಡದಿರಲೆಂದು ಫ್ಯಾಕ್ಟರಿಯಲ್ಲಿ ಹಾಕುವ ಪುಡಿಯನ್ನು ತಂದು ಕಣ್ಣಂದಾಜಿನಲ್ಲಿ ಸುರಿದೆ. ಗುಳ್ಳೆ ಏಳುವುದು ನಿಂತುಹೋಯಿತು, ಹುದುಗೇ ಸತ್ತಿತ್ತು. ಬೆಂಕಿಕಡ್ಡಿ ಗೀರಿದಂಥ ಘಾಟು. ಹೆದರಿ, ಗಸಿಯನ್ನೂ ಉಳಿಸದೆ ಚೆಲ್ಲಿ, ಭರಣಿಯನ್ನು ತಿಕ್ಕಿ ತೊಳೆದಿಟ್ಟೆ.

ಕ್ರಿಸ್‌ಮಸ್‌ಗೆ ಬಂದವರೆಲ್ಲ ಹೊಗಳಿದರು. "ಈ ಸಲ ಅಂಗಡೀದ್ ಥರಾನೇ ಇದೆ ಆಂಟಿ" ಎಂದರು ಪಕ್ಕದ ಮನೆಯವರು. ನೀವು ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟಿರಿ. ಆಮೇಲೆ ಅಡುಗೆಮನೆಯಲ್ಲಿ, ನನ್ನೊಬ್ಬನಿಗೇ, "ನನ್ ಕೈ ಹೋಯ್ತು ಕಣೋ. ಏನ್ ಹಾಕಿದ್ನೋ, ಏನ್ ಮರ್ತ್ನೋ. ಇನ್ ಸಾಕು" ಅಂದಿರಿ. ನಾನು —

"ಚೆನ್ನಾಗೇ ಇದೆ ಆಂಟಿ" ಅಂದೆ.

ಮುಂದೆ ನೀವು ಸೈಡರ್ ಹಾಕಲೇ ಇಲ್ಲ. ಕೇಕಿಗೂ ಬೇಕರಿಗೆ ಹೇಳತೊಡಗಿದಿರಿ. ಮರೆವು ಶುರುವಾಗಿದೆ ಎಂದು ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಮಹಡಿಗೆ ಕೇಳುತ್ತಿತ್ತು. ಕೇಳಿಯೂ ಬಾಯಿಬಿಡಲಿಲ್ಲ, ಮನೆ ಬದಲಿಸಿ ಇಂದಿರಾನಗರಕ್ಕೆ ಬಂದುಬಿಟ್ಟೆ. ಬೈಸಿಕೊಳ್ಳುವ ಭಯಕ್ಕೆ, ನಿಮ್ಮ ಮೇಲೆ ನಿಮಗಿದ್ದ ನಂಬಿಕೆಯನ್ನೇ ಕಿತ್ತುಕೊಂಡೆನಲ್ಲ — ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಈ ಭಾನುವಾರ ನೀವು ಚರ್ಚಿನಿಂದ ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ಆ ಗಸಿಯನ್ನು ಮರಳಿ ತರಲಾರೆ. ನಿಮ್ಮ ಕೈ ಎಂದೂ ಹೋಗಿರಲಿಲ್ಲ ಎಂಬುದನ್ನು ಮಾತ್ರ ನಿಮ್ಮ ಮುಖ ನೋಡಿ ಹೇಳುತ್ತೇನೆ. ಆಮೇಲೆ ಒಳಗೆ ಕರೆಯುವುದು, ಬಿಡುವುದು ನಿಮಗೆ ಬಿಟ್ಟದ್ದು.