ಅಳಿಸಿದ ವಿಡಿಯೋ, ಎರಡು ಲಾಡು

ಡಿಜಿಟಲ್ ಅಪರಾಧ ಪತ್ತೆಯ ಸಮ್ಮೇಳನವೊಂದು ಕಾರ್ಯಾಗಾರಗಳಿಗೆ ಪ್ರಸ್ತಾವ ಕರೆದಿತ್ತು. ಭಾಷಣ ಬೇಡ, ಬಂದವರು ಕೈಯಾರೆ ಮಾಡಿ ಕಲಿಯಬೇಕು ಎಂಬ ಷರತ್ತು. ಚನ್ನಗಿರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನನಗೆ ಸುಮ್ಮನಿರಲಾಗಲಿಲ್ಲ. ಹಳೆಯ ಮೊಬೈಲಿನ ಮೆಮೊರಿ ಕಾರ್ಡಿನಿಂದ ಅಳಿಸಿದ್ದನ್ನು ಹೊರತೆಗೆಯುವುದನ್ನು ಕಲಿಸುತ್ತೇನೆ ಎಂದು ಬರೆದೆ. ಬೋಧಕ ನಾನು. ಸಹಾಯಕ, ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಭಾಯ್. ಅವರ ಮಗಳು ನನ್ನ ವಿದ್ಯಾರ್ಥಿನಿ.

ಅನುಭವದ ಕಲಮಿನಲ್ಲಿ ನನ್ನ ಹೆಮ್ಮೆಯ ಕತೆ ಹಾಕಿದೆ. ನ್ಯಾಮತಿಯಲ್ಲಿ ಗೆಳೆಯನ ಮದುವೆಯ ಫೋಟೋಗಳೆಲ್ಲ ಅಳಿಸಿಹೋದಾಗ ನಾನು ಹತ್ತು ನಿಮಿಷದಲ್ಲಿ ವಾಪಸ್ ತಂದದ್ದು. ಭಾಯ್ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತದ್ದು. ಜಗಳೂರಿನವರೆಗೂ ಕಾಲೇಜು ಕಾಲೇಜಿನಲ್ಲಿ ಇದನ್ನು ಹೇಳಿದ್ದೇನೆ. ಭಾಯ್ ಎದುರಿಗೂ ಹೇಳಿದ್ದೇನೆ. ಆಗೆಲ್ಲ ಅವರು ನಕ್ಕು ಚಹಾ ತರಿಸುತ್ತಿದ್ದರು. ಈ ಸಲ ಮಾತ್ರ, ಕಲಿಸುವವರ ಹೆಸರು ಅಚ್ಚಾಗುತ್ತದೇನು ಎಂದು ಕೇಳಿದರು. ಬೋಧಕರದ್ದು ಅಚ್ಚಾಗುತ್ತದೆ ಎಂದೆ. ಅವರು ಸ್ಕ್ರೂಡ್ರೈವರ್ ಒರೆಸುತ್ತ ಕೂತರು.

ಕಳಿಸಲು ಕೊನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಅಭ್ಯಾಸಕ್ಕೆ ಕೂತೆವು. ಬೇರೆಯವರ ಗುಟ್ಟು ಕೆದಕಬಾರದೆಂದು ನನ್ನದೇ ಹಳೆಯ ಕಾರ್ಡು ಕೊಟ್ಟೆ. ಅಳಿಸಿದ್ದು ಒಂದೊಂದಾಗಿ ಮೇಲೆ ಬಂತು: ಟೊಮೇಟೊ ಗಿಡ, ಕೆರೆಬಿಳಚಿ ಬಸ್ಸಿನ ವೇಳಾಪಟ್ಟಿ, ಆಮೇಲೆ ಒಂದು ವಿಡಿಯೋ. ತೆಗೆದ ಸ್ಥಳ ಹೊನ್ನಾಳಿ. ಅದೇ ಮದುವೆ; ಛತ್ರದ ಅಡುಗೆಮನೆಯಲ್ಲಿ ಭಾಯ್ ಲ್ಯಾಪ್‌ಟಾಪ್ ಕುಟ್ಟುತ್ತಿದ್ದಾರೆ. ಪಕ್ಕದಲ್ಲಿ ನಾನು, ಎರಡೂ ಕೈಯಲ್ಲಿ ಲಾಡು. ನನ್ನ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ ಮದುಮಗ ಕೇಳುತ್ತಾನೆ:

"ಯೂನಿವರ್ಸಿಟಿನಾಗೆ ಓದಿ ಬಂದೋನು, ಸುಮ್ನೆ ನಿಂತೀಯಲ್ಲೋ?"

"ನಂಗೆ ಇದೆಲ್ಲ ಮಾಡಾಕೆ ಬರಲ್ಲ ಮಾರಾಯ, ಭಾಯ್ ನೋಡ್ತಾರೆ ಬಿಡು." ದನಿ ನನ್ನದೇ. ಬಾಯಲ್ಲಿ ಲಾಡು ಇದ್ದದ್ದೂ ಗೊತ್ತಾಗುತ್ತಿತ್ತು.

ಎಲ್ಲವನ್ನೂ ಅನುಮಾನಿಸುವುದು ನನ್ನ ಚಾಳಿ. ಇಂಥ ಕಡತಗಳಲ್ಲಿ ದಿನಾಂಕ, ಸ್ಥಳ ಎರಡೂ ತಪ್ಪಿರಬಹುದು ಎಂದು ಪಾಠ ಶುರುಮಾಡಿದೆ.

"ಊರು ತಪ್ಪಿರಬೋದು ಸಾರ್," ಅಂದರು ಭಾಯ್. "ಲಾಡು ಮಾತ್ರ ನಿಮ್ಮ ಕೈಯಾಗೇ ಐತೆ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಹೇಳೋ ರೀತಿಗೆ ಒಂದೊಂದ್ಸಲ ನಂಗೂ ಹೌದೇನೋ ಅನ್ಸೋದು. ಆದ್ರೆ ಮಗಳು ನಿಮ್ಮ ಕ್ಲಾಸಿನಾಗೆ ಕೇಳ್ಕಂಡು ಬಂದು, ನೀವು ಬರೀ ಲ್ಯಾಪ್‌ಟಾಪ್ ಹಿಡ್ಕಂಡು ನಿಂತಿದ್ರಾ ಅಂತ ನನ್ನೇ ಕೇಳ್ತಾಳೆ. ಅದಕ್ಕೇನು ಹೇಳಾಕೆ ಆಗ್ತತಿ?"

ವಿಡಿಯೋ ಅಳಿಸಿದವರು ಯಾರು? ಮದುವೆಯ ಆ ಐದು ನಿಮಿಷ ಬಿಟ್ಟರೆ ಆ ಫೋನು ನನ್ನ ಕೈ ಬಿಟ್ಟು ಹೋದದ್ದಿಲ್ಲ. ಅಳಿಸಿದ ನೆನಪೂ ಇಲ್ಲ. ಅಳಿಸಿಲ್ಲ ಎಂದು ಆಣೆ ಮಾಡುವ ಧೈರ್ಯವೂ ಇಲ್ಲ.

ಅಲ್ಲೇ ಪ್ರಸ್ತಾವ ತಿದ್ದಿದೆ. ನ್ಯಾಮತಿ ಹೋಗಿ ಹೊನ್ನಾಳಿ ಬಂತು. ಬೋಧಕರ ಜಾಗದಲ್ಲಿ ಭಾಯ್ ಹೆಸರು ಬಂತು. ಕಾಗುಣಿತ ಸರಿಯಿದೆಯೇ ಎಂದು ಅವರು ಎರಡು ಸಲ ನೋಡಿದರು. ಈಗ ಸಹಾಯಕನಾದ ನನ್ನ ಅನುಭವದಲ್ಲಿ ಏನು ಬರೆಯಲಿ ಎಂದೆ. ನಿಜ ಬರೀರಿ, ಆದರೆ ಎರಡು ಲಾಡು ಅಂತ ಬೇಡ, ಒಂದು ಸಾಕು ಅಂದರು.

ಕಳಿಸಿದ ಮೇಲೆ, ಆ ವಿಡಿಯೋ ಇನ್ನು ಅಳಿಸಿಬಿಡಿ ಎಂದೆ. ಅವರು ಅದನ್ನು ಆಗಲೇ ಮಗಳಿಗೆ ಕಳಿಸಿಯಾಗಿತ್ತು.