ಕಾಲು ಚಾಚದವರೂ ನನ್ನ ಕುತ್ತಿಗೆಯೂ

ನನ್ನನ್ನು ಯಾರಾದರೂ ವಿನಯವಂತ ಎಂದರೆ ಮೈಯೆಲ್ಲ ಉರಿಯುತ್ತದೆ. ನಾನು ಧಾರವಾಡದವನು, ಗೋವಾದ ಮ್ಹಾಪಸಾ ಪೇಟೆಯ ಬಸ್ ನಿಲ್ದಾಣದ ಹಿಂದೆ ಹದಿನಾಲ್ಕು ವರ್ಷಗಳಿಂದ ಹಲ್ಲಿನ ದವಾಖಾನೆ ನಡೆಸುತ್ತಿದ್ದೇನೆ. ಕಂಡವರ ಬಾಯಿಯೊಳಗೆ ಇಣುಕಿ ಇಣುಕಿ ನನ್ನ ಕುತ್ತಿಗೆ ಬಗ್ಗಿಹೋಗಿದೆ. ಜನ ಅದನ್ನು ಸಂಸ್ಕಾರ ಎನ್ನುತ್ತಾರೆ. ತುಂಬಿದ ತೆನೆ ಬಾಗುತ್ತದೆ ಎಂಬ ಗಾದೆ ಬೇರೆ. ಸಂಸ್ಕಾರವಲ್ಲ ಸ್ವಾಮಿ, ಸವೆತ!

ಈ ಮಳೆಗಾಲದಿಂದ ಬಲಗೈಯ ಎರಡು ಬೆರಳು ಜೋಮು ಹಿಡಿಯುತ್ತಿವೆ. ಹೀಗೇ ಬಗ್ಗಿದರೆ ಕಸುಬನ್ನೇ ಬಿಡಬೇಕಾಗುತ್ತದೆ, ರೋಗಿಯನ್ನು ಪೂರ್ತಿ ಮಲಗಿಸಿ ನೀವು ನೆಟ್ಟಗೆ ಕೂರಿ ಎಂದರು ಮೂಳೆಯ ಡಾಕ್ಟರು. ಹೇಳುವುದಕ್ಕೇನು! ಗುಂಡಿ ಒತ್ತಿದರೆ ನನ್ನ ಕುರ್ಚಿ ಹಾಸಿಗೆಯಾಗುತ್ತದೆ. ಪ್ರವಾಸಿಗರು ಅದರಲ್ಲಿ ಗೊರಕೆಯನ್ನೂ ಹೊಡೆಯುತ್ತಾರೆ. ಇಲ್ಲಿಗೆ ದುಡಿಯಲು ಬಂದ ನಮ್ಮ ವಿಜಯಪುರ, ಗದಗಿನ ಕಡೆಯವರು ಮಾತ್ರ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಬ್ಯಾಡ್ರಿ, ಹಿಂಗ ನೋಡ್ರಿ" ಎಂದು ಬಾಯಿ ತೆರೆಯುತ್ತಾರೆ. ಆಗ ನಾನು ಬಾವಿಗೆ ಬಿದ್ದ ಕೊಡ ಹುಡುಕುವವನಂತೆ ಬಗ್ಗಬೇಕು. ಹಲ್ಲು ಅವರದು, ನೋವು ನನ್ನದು. ಇದು ಯಾವ ನ್ಯಾಯ?

ಕಳೆದ ತಿಂಗಳು, ಕಲಂಗುಟ್ ಕಡಲ ದಂಡೆಯಲ್ಲಿ ಮಣಿಸರ ಮಾರುವ ಗಂಗವ್ವ ಹಾಗೇ ಕೂತಾಗ ನನ್ನ ತಾಳ್ಮೆ ತಪ್ಪಿತು.

"ಯವ್ವಾ, ಕಾಲ್ ಚಾಚು! ನನ್ನ ಕುತ್ತಿಗಿ ಹೋಗಾಕತ್ತೈತಿ!"

ಆಕೆ ನನಗಿಂತ ಜೋರಾದಳು. "ತಾಯಿ ಮಾರಿಗೆ ಹೆಂಗ ಕಾಲ್ ಚಾಚ್ಲಿರಿ? ಓದಿದವರು, ನಿಮಗರ ತಿಳೀಬಾರದೇನ್ರಿ?"

ಅವಳು ಕೈ ತೋರಿಸಿದ ಎದುರು ಗೋಡೆಯಲ್ಲಿ ಸವದತ್ತಿ ಎಲ್ಲಮ್ಮನ ಪಟವಿತ್ತು. ರೋಗಿಗಳಿಗೆ ಧೈರ್ಯ ಬರಲೆಂದು ದವಾಖಾನೆ ತೆರೆದ ದಿನ ನಾನೇ ಮೊಳೆ ಹೊಡೆದು ಹಾಕಿದ್ದು, ಮಲಗಿದವರ ಪಾದಕ್ಕೆ ನೇರವಾಗಿ. ಬಗ್ಗಿದ ತಲೆಗೆ ಗೋಡೆ ಎಲ್ಲಿ ಕಾಣಬೇಕು? ಇಷ್ಟು ವರ್ಷ ಒಬ್ಬರೂ ಹೇಳಲಿಲ್ಲವಲ್ಲ ಎಂದು ಅದಕ್ಕೂ ಸಿಟ್ಟು ಬಂತು. ಆದರೆ ಬಾಯಿ ತುಂಬ ಹತ್ತಿ ತುರುಕಿದ ಮೇಲೆ ಅವರಾದರೂ ಏನು ಹೇಳಿಯಾರು!

ಪಟ ತೆಗೆದು ತಲೆಯ ಕಡೆಯ ಗೋಡೆಗೆ ಹಾಕಿದೆ. ಗಂಗವ್ವ ಅದಕ್ಕೆ ಕೈಮುಗಿದು, ಕಾಲು ಚಾಚಿ ಮಲಗಿದಳು. ನಾನು ನೆಟ್ಟಗೆ ಕೂತು ಅವಳ ಹಲ್ಲು ಕಿತ್ತೆ.

ಈಗ ಎಲ್ಲರೂ ಮಲಗುತ್ತಾರೆ. ಬೆರಳಿನ ಜೋಮು ಇನ್ನೂ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ನಿನ್ನೆ ಹೊರಗಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸಿತು: "ಮೊದ್ಲ ಭಾಳ ಚಲೋ ಇದ್ರು. ಈಗ ಡಾಕ್ಟ್ರಿಗೆ ಸೊಕ್ಕ ಬಂದೈತಿ, ತಲಿನ ಬಗ್ಗಸೂದಿಲ್ಲ."

ಇಷ್ಟು ಹಿತವಾದ ಬೈಗುಳವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.