ವೆಲ್ಡಿಂಗ್ ಪರೀಕ್ಷೆಗೆ ನಾನು ತಳ್ಳಿದ ನೀರು

ನಮ್ಮ ಯಜಮಾನರು ವೆಲ್ಡಿಂಗ್ ಪರೀಕ್ಷೆಯಲ್ಲಿ ಫೇಲಾದದ್ದು ನನ್ನಿಂದ. ಹಣೆಬರಹ ಎಂದರು ಬೀದಿಯವರು. ಹಣೆಬರಹಕ್ಕೇನು ಕಾಲಿದೆಯೇ ಬಕೆಟ್ಟು ತಳ್ಳಲು?

ನಾವು ಕಮ್ಮಾರರು. ನಾಗಮಂಗಲದ ಕಡೆಯ ಊರಲ್ಲಿ ಕುಲುಮೆಯಿತ್ತು. ಅವರು ಬಡಿಯುತ್ತಿದ್ದರು, ನಾನು ಬೆಂಕಿಗೆ ಗಾಳಿಯೂದುವ ತಿದಿ ಒತ್ತುತ್ತಿದ್ದೆ. ಟ್ರಾಕ್ಟರು ಬಂದು ನೇಗಿಲ ಗುಳ ತಟ್ಟಿಸುವವರು ಕಡಿಮೆಯಾದರು. ತೊಂಬತ್ತರ ದಶಕ ಕಳೆದ ಮೇಲೆ ಪಾಂಡವಪುರಕ್ಕೆ ಬಂದೆವು. ಅಲ್ಲೊಂದು ವೆಲ್ಡಿಂಗ್ ಶೆಡ್ಡಿನಲ್ಲಿ ಅವರಿಗೆ ಕೆಲಸ ಸಿಕ್ಕಿತು. ಗೇಟು, ಕಿಟಕಿ, ಗಾಡಿಯ ಅಚ್ಚು, ಎಲ್ಲ ಬೆಸೆದರು. ಯಾರೂ ಸರ್ಟಿಫಿಕೇಟು ಕೇಳಲಿಲ್ಲ.

ಆಮೇಲೆ ಶೆಡ್ಡಿಗೆ ಎತ್ತರದ ಏಣಿ, ಅಟ್ಟಣೆ, ಅದರ ಸುತ್ತ ಹಿಡಿದು ನಿಲ್ಲುವ ಕಂಬಿಗಳ ಕೆಲಸ ಬಂತು. ಬೆಸುಗೆ ಬಿಟ್ಟರೆ ಆಳು ಕೆಳಗೆ. ಹಾಗಾಗಿ ಪರೀಕ್ಷೆ ಪಾಸಾದವರೇ ಬೆಸೆಯಬೇಕು, ಉಳಿದವರು ಬಣ್ಣ ಬಳಿಯಬೇಕು ಎಂದರು ಮಾಲೀಕರು. ಬಣ್ಣದವರಿಗೆ ಅರ್ಧ ಕೂಲಿ.

ಪರೀಕ್ಷೆಯ ದಿನ ಬುತ್ತಿ ತೆಗೆದುಕೊಂಡು ಹೋಗಿ ಅಲ್ಲೇ ನಿಂತೆ. ಮೈಸೂರಿನಿಂದ ಇನ್ಸ್‌ಪೆಕ್ಟರು ಬಂದಿದ್ದರು. ಎರಡು ಕಬ್ಬಿಣದ ಪಟ್ಟಿ ಬೆಸೆದು ಕೊಡಬೇಕು. ಅದನ್ನು ಬಗ್ಗಿಸುತ್ತಾರೆ. ಬಿರುಕು ಬಿಡದಿದ್ದರೆ ಪಾಸು.

"ಏನ್ ತಾತ, ಅಜ್ಜೀನೂ ಪರೀಕ್ಷೆಗೆ ಕುಂತ್ಕತಾಳಾ?" ಎಂದ ಜೊತೆಯ ಕೆಲಸದವನು.

"ಅವ್ಳು ಕುಂತ್ರೆ ನೀನು ಫೇಲು ಕಣ್ಲಾ" ಎಂದು ಇವರು ಮುಖಕ್ಕೆ ಕವಚ ಹಿಡಿದರು.

ಬೆಸುಗೆ ನುಣ್ಣಗೆ ಬಂತು. ಇವರು ಪಟ್ಟಿಯನ್ನು ಇಕ್ಕಳದಲ್ಲಿ ಎತ್ತಿದರು. ಇಕ್ಕಳ ಎತ್ತಿದರೆ ಕಾದ ಕಬ್ಬಿಣ ಅದ್ದಲು ನೀರು ಮುಂದಕ್ಕೆ ತಳ್ಳುವುದು ಮೂವತ್ತು ವರ್ಷ ಕುಲುಮೆಯಲ್ಲಿ ನನ್ನ ಕೆಲಸ. ಗೋಡೆ ಪಕ್ಕ ಬಕೆಟ್ಟಿತ್ತು, ಕಾಲಲ್ಲಿ ತಳ್ಳಿದೆ. ಇವರು ತಿರುಗಿಯೂ ನೋಡದೆ ಅದ್ದಿದರು. ಚುಂಯ್ ಎಂದಿತು.

"ಯಜಮಾನ್ರೇ, ಇದೇನು ಕುಡುಗೋಲಾ ನೀರು ಕುಡಿಸೋಕೆ?" ಎಂದರು ಇನ್ಸ್‌ಪೆಕ್ಟರು. "ತಾನಾಗೇ ಆರ್ಬೇಕಿತ್ತು. ಹೀಗೆ ಮಾಡಿದ್ರೆ ಬೆಸುಗೆ ಪೆಡಸಾಗುತ್ತೆ."

ಆದರೂ ಬಗ್ಗಿಸಿ ನೋಡಿದರು. ಅರ್ಧಕ್ಕೇ ಟಕ್ಕೆಂದು ಸೀಳಿತು. ಮುಂದಿನ ಸಲ ಬಂದಾಗ ನೋಡೋಣ ಎಂದರು. ಮುಂದಿನ ಸಲ ಎಂದರೆ ಆರು ತಿಂಗಳು.

ಮನೆಗೆ ನಡೆಯುವಾಗ ದಾರಿಯಲ್ಲಿ ಇವರು ಕೇಳಿದರು: "ಯಾಕಮ್ಮಿ ತಳ್ದೆ?"

"ನೀವ್ಯಾಕ್ ಅದ್ದುದ್ರಿ?"

"ನೀನು ತಳ್ದ್ಯಲ್ಲ, ಅದ್ಕೆ."

ಜಗಳ ಆಡುವುದಕ್ಕೂ ತ್ರಾಣ ಬೇಕು.

ಮಂಡಿ ನೋವೆಂದು ನಾನು ನಾಟಿ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಮಾರನೆಯ ಬೆಳಿಗ್ಗೆ ಇವರು ಅರ್ಧ ಕೂಲಿಗೆ ಬಣ್ಣ ಬಳಿಯಲು ಹೊರಟ ಮೇಲೆ ಬಾಗಿಲೆಳೆದು, ಸೀರೆ ಎತ್ತಿ ಕಟ್ಟಿ, ಕಾಲುವೆ ಕೆಳಗಿನ ಗೌಡರ ಗದ್ದೆಯ ಕೆಸರಿಗೆ ಇಳಿದೆ.